ಮಂಡಿ ಶಸ್ತ್ರಚಿಕಿತ್ಸೆಯ ನಂತರದ ನೋವು: ಯಾವ ಮಾತ್ರೆಯ ಜೊತೆ ಯಾವ ಮಾತ್ರೆ?

ಪ್ರಶ್ನೆ: ನನ್ನ ತಾಯಿಗೆ 66 ವರ್ಷ, ತೂಕ 58 ಕೆ.ಜಿ. ಹತ್ತು ದಿನಗಳ ಹಿಂದೆ ಬಲ ಮಂಡಿಯ ಕೀಲು ಬದಲಿ ಶಸ್ತ್ರಚಿಕಿತ್ಸೆ ಆಯಿತು. ಅವರಿಗೆ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇವೆ. ಮೆಟ್‌ಫಾರ್ಮಿನ್ ಮತ್ತು ಟೆಲ್ಮಿಸಾರ್ಟಾನ್-ಹೈಡ್ರೋಕ್ಲೋರೋಥಯಾಜೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಝೀರೋಡಾಲ್-ಪಿ ದಿನಕ್ಕೆ ಎರಡು, ಅಲ್ಟ್ರಾಸೆಟ್ ದಿನಕ್ಕೆ ಎರಡು, ರಾತ್ರಿ ಪ್ರಿಗ್ಯಾಬಲಿನ್ 75, ಬೆಳಿಗ್ಗೆ ಪ್ಯಾಂಟೊಪ್ರಜೋಲ್, ರಕ್ತ ಹೆಪ್ಪುಗಟ್ಟದಿರಲು ಅಪಿಕ್ಸಾಬಾನ್ ಬರೆದುಕೊಟ್ಟಿದ್ದಾರೆ. ನೋವು ಹೆಚ್ಚಾದಾಗ ನಾವೇ ಡೋಲೋ 650 ಕೊಡುತ್ತೇವೆ. ಮೊನ್ನೆ ರಾತ್ರಿ ಅವರು ನರಳುವುದನ್ನು ನೋಡಲಾಗದೆ ಪಕ್ಕದ ಮನೆಯಿಂದ ಕಾಂಬಿಫ್ಲಾಮ್ ತಂದು ಕೊಟ್ಟೆವು. ಮತ್ತೆ ಕೆಲವು ದಿನ ಅಮ್ಮ ‘ಇಷ್ಟೊಂದು ನೋವಿನ ಮಾತ್ರೆ ನುಂಗಿದರೆ ಕಿಡ್ನಿ ಹೋಗುತ್ತದೆ’ ಎಂದು ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಆ ದಿನ ವ್ಯಾಯಾಮವೂ ನಡೆಯುವುದಿಲ್ಲ. ಬೆಳಿಗ್ಗೆ ಮಂಪರಿನಲ್ಲಿರುತ್ತಾರೆ, ಎದ್ದು ನಿಂತರೆ ತೂರಾಡುತ್ತಾರೆ. ಇಷ್ಟು ಬಗೆಯ ನೋವಿನ ಮಾತ್ರೆಗಳನ್ನು ಒಟ್ಟಿಗೆ ಕೊಡುವುದು ಸರಿಯೇ? ಅಭ್ಯಾಸವಾಗಿಬಿಡುವುದಿಲ್ಲವೇ? ಮುಂದಿನ ತಿಂಗಳು ನನ್ನ ತಂಗಿಗೆ ಸಿಸೇರಿಯನ್ ಇದೆ. ಉಳಿದ ಮಾತ್ರೆಗಳನ್ನು ಅವಳಿಗೆ ಇಟ್ಟುಕೊಳ್ಳಬಹುದೇ?

ಉತ್ತರ: ನೋವಿನ ಮಾತ್ರೆಗಳನ್ನು ಒಂದಕ್ಕೊಂದು ಸೇರಿಸಿ ಕೊಡುವುದು ತಪ್ಪಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಅದೇ ಸರಿಯಾದ ಕ್ರಮ. ಆದರೆ ಸೇರಿಸಬೇಕಾದದ್ದು ಬೇರೆ ಬೇರೆ ವರ್ಗದ ಔಷಧಗಳನ್ನು. ಒಂದೇ ವರ್ಗದ ಎರಡು ಮಾತ್ರೆಗಳನ್ನು ಸೇರಿಸಿದರೆ ಉಪಶಮನ ಹೆಚ್ಚುವುದಿಲ್ಲ, ಅಪಾಯ ಮಾತ್ರ ಹೆಚ್ಚುತ್ತದೆ. ಮೊನ್ನೆ ರಾತ್ರಿ ಕಾಂಬಿಫ್ಲಾಮ್ ಕೊಟ್ಟಾಗ ನಡೆದದ್ದು ಅದೇ. ಅದನ್ನು ಮತ್ತೆ ಕೊಡಬೇಡಿ. ಉಳಿದಂತೆ ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ನನಗೆ ಆತಂಕ ತಂದಿವೆ. ಒಂದು, ರಕ್ತದೊತ್ತಡದ ಆ ಮಾತ್ರೆಯ ಜೊತೆ ಝೀರೋಡಾಲ್-ಪಿ ನಡೆಯುತ್ತಿರುವುದು. ಇನ್ನೊಂದು, ಬೆಳಗಿನ ಮಂಪರು ಮತ್ತು ತೂರಾಟ. ಈ ಎರಡನ್ನೂ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಇಂದೇ ಫೋನ್ ಮಾಡಿ ತಿಳಿಸಿ, ಮುಂದಿನ ಭೇಟಿಯವರೆಗೆ ಕಾಯಬೇಡಿ. ಏಕೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ. ನಾನು ಅರಿವಳಿಕೆ ತಜ್ಞೆ. ಶಸ್ತ್ರಚಿಕಿತ್ಸೆಯ ನಂತರದ ನೋವನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಮನೆಗೆ ಹೋದ ಮೇಲೆ ಆಗುವ ಗೊಂದಲಗಳಲ್ಲಿ ಹೆಚ್ಚಿನವು ನಿಮ್ಮ ಮನೆಯಲ್ಲಿ ಆಗಿರುವಂಥವೇ.

ಗಾಯದ ನೋವು ಒಂದೇ ಜಾಗದಲ್ಲಿ ಹುಟ್ಟಿ ಒಂದೇ ಜಾಗದಲ್ಲಿ ಮುಗಿಯುವ ಸಂಗತಿಯಲ್ಲ. ಮೂಳೆ ಮತ್ತು ಮಾಂಸ ಕೊಯ್ದ ಜಾಗದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹೆಚ್ಚುತ್ತವೆ. ಅವು ಸುತ್ತಲಿನ ನರತುದಿಗಳನ್ನು ಕೆಣಕಿ, ಬಾವು ಬರಿಸುತ್ತವೆ. ಅಲ್ಲಿಂದ ಸಂದೇಶ ನರದ ಮೂಲಕ ಬೆನ್ನುಹುರಿಗೆ, ಬೆನ್ನುಹುರಿಯಿಂದ ಮಿದುಳಿಗೆ ಹೋಗುತ್ತದೆ. ಗದ್ದೆಗೆ ನುಗ್ಗುವ ನೀರನ್ನು ಒಂದೇ ಕಡೆ ಎತ್ತರದ ಒಡ್ಡು ಕಟ್ಟಿ ತಡೆಯುವ ಬದಲು, ಕಾಲುವೆಯುದ್ದಕ್ಕೂ ನಾಲ್ಕು ಕಡೆ ಸಣ್ಣ ಸಣ್ಣ ಒಡ್ಡು ಹಾಕಿದರೆ ಯಾವ ಒಡ್ಡಿನ ಮೇಲೂ ಅತಿಯಾದ ಒತ್ತಡ ಬೀಳುವುದಿಲ್ಲ. ನೋವಿನ ಔಷಧಗಳನ್ನು ಸೇರಿಸುವುದರ ಹಿಂದಿನ ತರ್ಕವೂ ಇದೇ. ಮಾರ್ಫಿನ್‌ನಂಥ ಒಂದೇ ಔಷಧವನ್ನು ಹೆಚ್ಚು ಕೊಟ್ಟರೆ ವಾಂತಿ, ಮಲಬದ್ಧತೆ, ಮಂಪರು, ಉಸಿರಾಟದ ತೊಂದರೆ ಬೆನ್ನು ಹತ್ತುತ್ತವೆ. ಬೇರೆ ಬೇರೆ ಹಂತದಲ್ಲಿ ಕೆಲಸ ಮಾಡುವ ಔಷಧಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಪ್ರತಿಯೊಂದರ ಪ್ರಮಾಣವನ್ನೂ ಇಳಿಸಬಹುದು. ಡೆನ್ಮಾರ್ಕ್‌ನ ಹೆನ್ರಿಕ್ ಕೆಲೆಟ್ ಮತ್ತು ಯೋರ್ಗನ್ ದಾಲ್ 1993ರಲ್ಲಿ ಈ ವಿಚಾರವನ್ನು ಒಂದು ಪ್ರಬಂಧದಲ್ಲಿ ಸ್ಪಷ್ಟವಾಗಿ ಮುಂದಿಟ್ಟರು. ಇಂದು ಜಗತ್ತಿನ ಬಹುತೇಕ ಶಸ್ತ್ರಚಿಕಿತ್ಸಾ ವಿಭಾಗಗಳು ಅದೇ ದಾರಿಯಲ್ಲಿ ನಡೆಯುತ್ತಿವೆ. ನಿಮ್ಮ ತಾಯಿಗೆ ಬೆನ್ನಿನಲ್ಲಿ ಚುಚ್ಚುಮದ್ದು ಕೊಟ್ಟದ್ದು, ತೊಡೆಯ ನರದ ಸುತ್ತ ಮರಗಟ್ಟಿಸುವ ಔಷಧ ಹಾಕಿದ್ದರೆ ಅದು, ಈಗ ಕೊಡುತ್ತಿರುವ ಮಾತ್ರೆಗಳು, ಎಲ್ಲವೂ ಈ ಒಂದೇ ಯೋಜನೆಯ ಭಾಗಗಳು.

ಹೀಗೆ ಸೇರಿಸುವುದರಿಂದ ನಿಜಕ್ಕೂ ಪ್ರಯೋಜನವಿದೆಯೇ? ಇದೆ. ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಐಬುಪ್ರೊಫೆನ್ 400 ಮಿ.ಗ್ರಾಂ. ಒಂದನ್ನೇ ತೆಗೆದುಕೊಂಡವರಲ್ಲಿ ಶೇ 52ರಷ್ಟು ಮಂದಿಗೆ ಆರು ಗಂಟೆಗಳ ಕಾಲ ಚೆನ್ನಾಗಿ ಉಪಶಮನ ಸಿಕ್ಕಿತ್ತು. ಅದರ ಅರ್ಧದಷ್ಟು, ಅಂದರೆ 200 ಮಿ.ಗ್ರಾಂ. ಐಬುಪ್ರೊಫೆನ್ ಜೊತೆ 500 ಮಿ.ಗ್ರಾಂ. ಪ್ಯಾರಸಿಟಮಾಲ್ ಸೇರಿಸಿದಾಗ ಶೇ 69ರಷ್ಟು ಮಂದಿಗೆ ಸಿಕ್ಕಿತು. ಪ್ಯಾರಸಿಟಮಾಲ್ ಎಂದರೆ ಜ್ವರದ ಮಾತ್ರೆ ಎಂದು ಕಡೆಗಣಿಸುವವರು ಈ ಅಂಕಿಯನ್ನು ಗಮನಿಸಬೇಕು. ಸೊಂಟದ ಕೀಲು ಬದಲಿಸಿಕೊಂಡ 556 ಮಂದಿಯ ಮೇಲೆ ಡೆನ್ಮಾರ್ಕ್‌ನ ಆರು ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ನಿಮ್ಮ ತಾಯಿಯ ಸ್ಥಿತಿಗೆ ಇನ್ನಷ್ಟು ಹತ್ತಿರದ್ದು. ಮೊದಲ 24 ಗಂಟೆಗಳಲ್ಲಿ ಪ್ಯಾರಸಿಟಮಾಲ್ ಮಾತ್ರ ಪಡೆದವರಿಗೆ ಸಾಮಾನ್ಯವಾಗಿ 36 ಮಿ.ಗ್ರಾಂ. ಮಾರ್ಫಿನ್ ಬೇಕಾಯಿತು, ಐಬುಪ್ರೊಫೆನ್ ಮಾತ್ರ ಪಡೆದವರಿಗೆ 26, ಎರಡನ್ನೂ ಪಡೆದವರಿಗೆ 20. ಇದೇ ಅಂಕಿಗಳಲ್ಲಿ ಇನ್ನೊಂದು ಮಾತೂ ಇದೆ: ಭಾರ ಹೆಚ್ಚು ಹೊರುವುದು ಐಬುಪ್ರೊಫೆನ್‌ನಂಥ ಬಾವು ಇಳಿಸುವ ಔಷಧವೇ. ಹಾಗಾಗಿ ಯಾರಿಗಾದರೂ ಅದನ್ನು ಕೊಡಲಾಗದಿದ್ದರೆ ಆಗುವ ನಷ್ಟ ಸಣ್ಣದಲ್ಲ, ಅದನ್ನು ಬೇರೆ ದಾರಿಗಳಿಂದ ತುಂಬಬೇಕು. ನಿಮ್ಮ ತಾಯಿಯ ವಿಷಯದಲ್ಲಿ ಈ ಮಾತು ಮುಖ್ಯವಾಗುತ್ತದೆ.

ಈಗ ಮನೆಯಲ್ಲಿರುವ ಮಾತ್ರೆಯ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ದೊಡ್ಡದಾಗಿ ಅಚ್ಚಾಗಿರುವ ಹೆಸರು ಕಂಪನಿ ಇಟ್ಟದ್ದು. ನಿಮಗೆ ಬೇಕಾದದ್ದು ಒಳಗೇನಿದೆ ಎಂಬ ವಿವರ. ಡೋಲೋ 650ರಲ್ಲಿ ಪ್ಯಾರಸಿಟಮಾಲ್ 650 ಮಿ.ಗ್ರಾಂ. ಇದೆ. ಝೀರೋಡಾಲ್-ಪಿ ಎಂದರೆ ಅಸಿಕ್ಲೋಫೆನಾಕ್ 100 ಮತ್ತು ಪ್ಯಾರಸಿಟಮಾಲ್ 325. ಅಲ್ಟ್ರಾಸೆಟ್ ಎಂದರೆ ಟ್ರಮಡಾಲ್ 37.5 ಮತ್ತು ಪ್ಯಾರಸಿಟಮಾಲ್ 325. ಕಾಂಬಿಫ್ಲಾಮ್ ಎಂದರೆ ಐಬುಪ್ರೊಫೆನ್ 400 ಮತ್ತು, ಮತ್ತೆ, ಪ್ಯಾರಸಿಟಮಾಲ್ 325. ನಾಲ್ಕು ಹೆಸರುಗಳಲ್ಲೂ ಪ್ಯಾರಸಿಟಮಾಲ್ ಅಡಗಿದೆ. ನಮ್ಮ ದೇಶದಲ್ಲಿ ಇಂಥ ಮಿಶ್ರ ಮಾತ್ರೆಗಳು ಬಹಳ. ಅವುಗಳಲ್ಲಿ ಕೆಲವು ಹೇಗೆ ಮಾರುಕಟ್ಟೆಗೆ ಬಂದವು ಎಂಬುದೇ ನನಗೆ ಅರ್ಥವಾಗದ ವಿಷಯ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 156 ಮಿಶ್ರ ಔಷಧಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಟ್ರಮಡಾಲ್, ಪ್ಯಾರಸಿಟಮಾಲ್, ಟಾರಿನ್, ಕೆಫೀನ್ ನಾಲ್ಕನ್ನೂ ಒಂದೇ ಮಾತ್ರೆಯಲ್ಲಿ ತುಂಬಿದ್ದ ಔಷಧವೂ ಇತ್ತು. ನಿಮ್ಮ ತಾಯಿಯ ಮಾತ್ರೆಗಳು ಆ ಬಗೆಯವಲ್ಲ, ಅವು ಒಪ್ಪಿತವಾದವೇ. ಆದರೆ ಮಿಶ್ರ ಮಾತ್ರೆಯ ದೊಡ್ಡ ತೊಡಕು ಉಳಿದೇ ಇರುತ್ತದೆ: ಒಂದನ್ನು ಹೆಚ್ಚಿಸಹೋದರೆ ಇನ್ನೊಂದೂ ಹೆಚ್ಚುತ್ತದೆ, ಒಂದನ್ನು ನಿಲ್ಲಿಸಹೋದರೆ ಇನ್ನೊಂದೂ ನಿಲ್ಲುತ್ತದೆ.

ಲೆಕ್ಕ ಹಾಕೋಣ. ಎರಡು ಝೀರೋಡಾಲ್-ಪಿಯಿಂದ 650, ಎರಡು ಅಲ್ಟ್ರಾಸೆಟ್‌ನಿಂದ 650, ಒಟ್ಟು 1300 ಮಿ.ಗ್ರಾಂ. ಪ್ಯಾರಸಿಟಮಾಲ್ ವೈದ್ಯರು ಬರೆದುಕೊಟ್ಟದ್ದರಲ್ಲೇ ಇದೆ. ಅದರ ಮೇಲೆ ಮೂರು ಡೋಲೋ ಕೊಟ್ಟರೆ 3250, ನಾಲ್ಕು ಕೊಟ್ಟರೆ 3900. ಆರೋಗ್ಯವಂತ ವಯಸ್ಕರಿಗೆ ದಿನವೊಂದಕ್ಕೆ 4000 ಮಿ.ಗ್ರಾಂ. ಗರಿಷ್ಠ ಮಿತಿ. ವಯಸ್ಸಾದವರಿಗೆ, ಸಣ್ಣ ಮೈಕಟ್ಟಿನವರಿಗೆ, ಶಸ್ತ್ರಚಿಕಿತ್ಸೆಯ ನಂತರ ಊಟ ಸೇರದವರಿಗೆ ನಾನು 3000 ದಾಟಲು ಬಿಡುವುದಿಲ್ಲ. ಯಕೃತ್ತಿನ ಕಾಯಿಲೆ ಇರುವವರಿಗೆ ಅಥವಾ ದಿನವೂ ಮದ್ಯ ಸೇವಿಸುವವರಿಗೆ 2000 ಸಾಕು. ಮಿತಿಯೊಳಗೆ ಇದು ನಮ್ಮಲ್ಲಿರುವ ಅತ್ಯಂತ ಸುರಕ್ಷಿತ ನೋವಿನ ಔಷಧ. ಹೊಟ್ಟೆಯನ್ನು ಸುಡುವುದಿಲ್ಲ, ರಕ್ತಸ್ರಾವ ಹೆಚ್ಚಿಸುವುದಿಲ್ಲ, ಮಂಪರು ತರಿಸುವುದಿಲ್ಲ. ಮಿತಿ ಮೀರಿದರೆ ಮಾತ್ರ, ಯಕೃತ್ತಿನಲ್ಲಿ ಅದರಿಂದ ಹುಟ್ಟುವ ವಿಷಕಾರಿ ಅಂಶವನ್ನು ಅಳಿಸಿಹಾಕುವ ಗ್ಲುಟಥಯೋನ್ ಎಂಬ ವಸ್ತು ಮುಗಿದುಹೋಗಿ ಯಕೃತ್ತೇ ಹಾಳಾಗತೊಡಗುತ್ತದೆ. ಭಯಪಡಬೇಕಾದದ್ದು ಏಕೆಂದರೆ, ಮೊದಲ ಒಂದು ದಿನ ರೋಗಿಗೆ ಏನೂ ಅನ್ನಿಸದೆ ಇರಬಹುದು. ಅತಿಯಾಯಿತು ಎಂಬ ಅನುಮಾನ ಬಂದರೆ ಲಕ್ಷಣ ಕಾಣಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬೇಗ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುವ ಪ್ರತ್ಯೌಷಧವಿದೆ.

ಇನ್ನು ಅಸಿಕ್ಲೋಫೆನಾಕ್. ಡೈಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೋಕ್ಸೆನ್, ಎಟೋರಿಕಾಕ್ಸಿಬ್, ಕೆಟೋರೊಲಾಕ್ ಎಲ್ಲವೂ ಇದೇ ವರ್ಗಕ್ಕೆ ಸೇರಿದವು, ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆ ಎಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು, 1982ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಪ್ರೋಸ್ಟಗ್ಲಾಂಡಿನ್ ಗಾಯದಲ್ಲಿ ಮಾತ್ರ ಇದ್ದಿದ್ದರೆ ಈ ಔಷಧಗಳಿಂದ ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುವುದೂ ಅದೇ, ಮೂತ್ರಪಿಂಡಕ್ಕೆ ರಕ್ತ ಸಾಗಿಸುವ ಸಣ್ಣ ನಾಳಗಳನ್ನು ತೆರೆದಿಡುವುದೂ ಅದೇ. ಮಾತ್ರೆಗೆ ಮಂಡಿ ಯಾವುದು, ಮೂತ್ರಪಿಂಡ ಯಾವುದು ಎಂಬ ಭೇದ ತಿಳಿಯದು. ಈ ವರ್ಗದ ಒಂದು ಮಾತ್ರೆ ಪೂರ್ಣ ಪ್ರಮಾಣದಲ್ಲಿ ದೇಹದಲ್ಲಿರುವಾಗ ಇನ್ನೊಂದನ್ನು ಕೊಟ್ಟರೆ ನೋವಿಗೆ ಸಿಗುವ ಲಾಭ ಬಹಳ ಕಡಿಮೆ, ಹೊಟ್ಟೆಗೂ ಮೂತ್ರಪಿಂಡಕ್ಕೂ ಬೀಳುವ ಪೆಟ್ಟು ದುಪ್ಪಟ್ಟು. ಅಸಿಕ್ಲೋಫೆನಾಕ್ ಮೇಲೆ ಐಬುಪ್ರೊಫೆನ್ ಬೇಡ ಎಂದದ್ದು ಇದಕ್ಕೇ. ಔಷಧ ಅಂಗಡಿಯಲ್ಲಿ ‘ಇದು ಇನ್ನೂ ಸ್ಟ್ರಾಂಗ್’ ಎಂದು ಕೊಡುವ ಮಾತ್ರೆಯನ್ನೂ, ನೋವು ತಡೆಯದಾದಾಗ ಹತ್ತಿರದ ಕ್ಲಿನಿಕ್ಕಿನಲ್ಲಿ ಹಾಕಿಸಿಕೊಳ್ಳುವ ಡೈಕ್ಲೋಫೆನಾಕ್ ಚುಚ್ಚುಮದ್ದನ್ನೂ ಈ ಲೆಕ್ಕಕ್ಕೇ ಸೇರಿಸಬೇಕು. ಚುಚ್ಚುಮದ್ದಿನ ರೂಪದಲ್ಲಿ ಒಳಹೋದದ್ದೂ ಅದೇ ಮೂತ್ರಪಿಂಡವನ್ನೇ ತಲುಪುತ್ತದೆ. ಮಂಡಿನೋವಿಗೆಂದು ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ಪುಡಿ, ಗುಳಿಗೆಗಳ ಬಗ್ಗೆಯೂ ಎಚ್ಚರವಿರಲಿ. ಅಂಥವುಗಳಲ್ಲಿ ಡೈಕ್ಲೋಫೆನಾಕ್ ಅಥವಾ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ.

ನಿಮ್ಮ ತಾಯಿಯ ಕಿಡ್ನಿಯ ಭಯವನ್ನು ಹಗುರವಾಗಿ ನೋಡಬೇಡಿ. ಅವರು ಎಲ್ಲ ಮಾತ್ರೆಗಳಿಗೂ ಅದನ್ನು ಅನ್ವಯಿಸುತ್ತಿರುವುದು ಸರಿಯಲ್ಲ, ಆದರೆ ಈ ಒಂದು ಮಾತ್ರೆಯ ವಿಷಯದಲ್ಲಿ ಅವರ ಅಳುಕಿಗೆ ಗಟ್ಟಿ ಆಧಾರವಿದೆ. ಟೆಲ್ಮಿಸಾರ್ಟಾನ್ ಮೂತ್ರಪಿಂಡದ ಶೋಧಕಗಳಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸಿ ಒಳಗಿನ ಒತ್ತಡವನ್ನು ಇಳಿಸುತ್ತದೆ. ಹೈಡ್ರೋಕ್ಲೋರೋಥಯಾಜೈಡ್ ಮೂತ್ರ ಹೆಚ್ಚಿಸಿ ದೇಹದ ನೀರನ್ನು ಕಡಿಮೆ ಮಾಡುತ್ತದೆ. ಎರಡೂ ರಕ್ತದೊತ್ತಡಕ್ಕೆ ಒಳ್ಳೆಯವೇ. ಇವುಗಳ ಮೇಲೆ ಅಸಿಕ್ಲೋಫೆನಾಕ್ ಬಂದರೆ ಒಳಬರುವ ನಾಳವೂ ಕಿರಿದಾಗುತ್ತದೆ. ಮೂರೂ ಕೂಡಿದಾಗ, ಅದರಲ್ಲೂ ವಯಸ್ಸಾದ, ಸಕ್ಕರೆ ಕಾಯಿಲೆಯಿರುವ, ಶಸ್ತ್ರಚಿಕಿತ್ಸೆಯ ನಂತರ ಸರಿಯಾಗಿ ನೀರು ಕುಡಿಯದವರಲ್ಲಿ, ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕುಸಿಯಬಹುದು. ಶೌಚಾಲಯಕ್ಕೆ ಹೋಗುವುದು ಕಷ್ಟವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಅಮ್ಮಂದಿರನ್ನು ನಾನು ಬಹಳ ಕಂಡಿದ್ದೇನೆ. ನಿಮ್ಮ ತಾಯಿ ಹಾಗೆ ಮಾಡುತ್ತಿದ್ದಾರೆಯೇ ಎಂದು ಮೆಲ್ಲಗೆ ಕೇಳಿ. ಇದರ ಜೊತೆಗೆ ಅಪಿಕ್ಸಾಬಾನ್ ಇದೆ. ಅದು ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟದಂತೆ ಕಾಯುತ್ತದೆ, ಮಂಡಿ ಬದಲಿಸಿದ ಮೇಲೆ ಅದು ಬೇಕೇ ಬೇಕು. ಆದರೆ ಅದರ ಜೊತೆ ಅಸಿಕ್ಲೋಫೆನಾಕ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಪ್ಯಾಂಟೊಪ್ರಜೋಲ್ ಜಠರವನ್ನು ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆಯೇ ಹೊರತು ಮೂತ್ರಪಿಂಡವನ್ನಲ್ಲ.

ಹಾಗೆಂದು ಅಸಿಕ್ಲೋಫೆನಾಕ್ ಬರೆದುಕೊಟ್ಟದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮೂತ್ರಪಿಂಡ ಚೆನ್ನಾಗಿದೆ ಎಂದು ರಕ್ತ ಪರೀಕ್ಷೆಯಲ್ಲಿ ನೋಡಿಕೊಂಡು ಮೂರರಿಂದ ಐದು ದಿನಕ್ಕೆ ಎಂದು ಬರೆದಿರಬಹುದು. ಚೀಟಿಯಲ್ಲಿ ಎಷ್ಟು ದಿನ ಎಂದಿದೆ, ನೋಡಿ. ಈಗ ಹತ್ತು ದಿನವಾಗಿದೆ. ವೈದ್ಯರನ್ನು ನೇರವಾಗಿ ಕೇಳಿ: ‘ಅಮ್ಮನಿಗೆ ಟೆಲ್ಮಿಸಾರ್ಟಾನ್-ಹೈಡ್ರೋಕ್ಲೋರೋಥಯಾಜೈಡ್ ಮತ್ತು ಅಪಿಕ್ಸಾಬಾನ್ ನಡೆಯುತ್ತಿವೆ, ಅಸಿಕ್ಲೋಫೆನಾಕ್ ಮುಂದುವರಿಸಬೇಕೇ? ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕೇ?’ ಇಂಥ ರೋಗಿ ನನ್ನ ಬಳಿ ಇದ್ದಿದ್ದರೆ ಪರೀಕ್ಷೆಯ ಫಲಿತಾಂಶ ಬರುವವರೆಗೆ ನಾನು ಅಸಿಕ್ಲೋಫೆನಾಕ್ ಅನ್ನು ನಿಲ್ಲಿಸಿಯೇ ಇಡುತ್ತಿದ್ದೆ. ಆದರೆ ರಕ್ತದೊತ್ತಡದ ಮಾತ್ರೆಯನ್ನಾಗಲಿ ಅಪಿಕ್ಸಾಬಾನ್ ಅನ್ನಾಗಲಿ ನೀವಾಗಿಯೇ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ‘ಮಾತ್ರೆ ಬಹಳವಾಯಿತು’ ಎಂದು ಕಡಿಮೆ ಮಾಡಹೊರಟವರ ಕೈಗೆ ಮೊದಲು ಸಿಗುವುದು ಜೀವ ಕಾಯುತ್ತಿರುವ ಮಾತ್ರೆಯೇ.

ಬೆಳಗಿನ ಮಂಪರು ಟ್ರಮಡಾಲ್ ಮತ್ತು ಪ್ರಿಗ್ಯಾಬಲಿನ್‌ಗಳ ಜೋಡಿಯಿಂದ ಬಂದಿರುವ ಸಾಧ್ಯತೆ ಹೆಚ್ಚು. ಟ್ರಮಡಾಲ್ ಓಪಿಯಾಯ್ಡ್ ವರ್ಗದ್ದು, ಅಂದರೆ ಮಾರ್ಫಿನ್‌ನ ದೂರದ ಬಂಧು. ಭಾರತದಲ್ಲಿ 2018ರ ಏಪ್ರಿಲ್‌ನಿಂದ ಅದು ಮಾದಕ ವಸ್ತುಗಳ ಕಾಯ್ದೆಯ ನಿಯಂತ್ರಣದಲ್ಲಿದೆ. ಪ್ರಿಗ್ಯಾಬಲಿನ್ ಮೂಲತಃ ಅಪಸ್ಮಾರಕ್ಕೂ ನರಸಂಬಂಧಿ ಉರಿನೋವಿಗೂ ಬಳಸುವ ಔಷಧ. ಎರಡೂ ಮಿದುಳನ್ನು ಮಂದಗೊಳಿಸುತ್ತವೆ. ವಯಸ್ಸಾದವರಲ್ಲಿ, ಓಪಿಯಾಯ್ಡ್ ಜೊತೆಗೆ ಬಳಸಿದಾಗ, ಪ್ರಿಗ್ಯಾಬಲಿನ್‌ನಿಂದ ಉಸಿರಾಟ ತೀರ ನಿಧಾನವಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಸಿದೆ. ಪ್ರಿಗ್ಯಾಬಲಿನ್ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಅಸಿಕ್ಲೋಫೆನಾಕ್‌ನಿಂದ ಮೂತ್ರಪಿಂಡ ಮಂದವಾಗಿದ್ದರೆ, ಅದೇ 75 ಮಿ.ಗ್ರಾಂ. ಮಾತ್ರೆ ದಿನದಿಂದ ದಿನಕ್ಕೆ ದೇಹದಲ್ಲಿ ಹೆಚ್ಚು ಉಳಿಯುತ್ತಾ ಹೋಗುತ್ತದೆ. ನಿಮ್ಮ ತಾಯಿಯ ತೂರಾಟಕ್ಕೂ ಕಿಡ್ನಿಯ ಪ್ರಶ್ನೆಗೂ ಹೀಗೆ ನಂಟಿರಬಹುದು, ಆದ್ದರಿಂದಲೇ ರಕ್ತ ಪರೀಕ್ಷೆಯನ್ನು ಮುಂದೂಡಬಾರದು. ಮಂಪರಿದ್ದಾಗ ಸಕ್ಕರೆಯನ್ನೂ ಒಮ್ಮೆ ನೋಡಿ. ಟ್ರಮಡಾಲ್ ಕೆಲವರಲ್ಲಿ ಸಕ್ಕರೆಯನ್ನು ಇಳಿಸುತ್ತದೆ, ಊಟ ಕಡಿಮೆಯಾಗಿದ್ದರೆ ಇನ್ನಷ್ಟು.

ಶಸ್ತ್ರಚಿಕಿತ್ಸೆಯ ನಂತರ ಎಲ್ಲರಿಗೂ ಪ್ರಿಗ್ಯಾಬಲಿನ್ ಕೊಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ನೂರಾರು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಈ ಗುಂಪಿನ ಔಷಧಗಳಿಂದ ನೋವು ರೋಗಿಗೆ ಅರಿವಾಗುವಷ್ಟು ಇಳಿಯುವುದಿಲ್ಲ, ತಲೆಸುತ್ತು ಮತ್ತು ಕಣ್ಣು ಮಂಜಾಗುವುದು ಹೆಚ್ಚುತ್ತದೆ ಎಂದು ಕಂಡುಬಂತು. ಮೊದಲೇ ಸಕ್ಕರೆ ಕಾಯಿಲೆಯಿಂದ ಪಾದ ಉರಿ ಇದ್ದವರಿಗೆ ಅದರಿಂದ ಉಪಯೋಗವಾಗುತ್ತದೆ, ನಿಜ. ನಿಮ್ಮ ತಾಯಿಗೆ ಅಂಥ ಉರಿ ಇಲ್ಲದಿದ್ದರೆ ಅದು ಬೇಕೇ ಎಂದು ವೈದ್ಯರನ್ನು ಕೇಳಿ. ಹೊಸ ಮಂಡಿಯೊಂದಿಗೆ ರಾತ್ರಿ ಶೌಚಾಲಯದ ದಾರಿಯಲ್ಲಿ ಬಿದ್ದರೆ ಆಗುವ ಅನಾಹುತ ದೊಡ್ಡದು. ಅಲ್ಲಿಯವರೆಗೆ ಅವರು ಒಬ್ಬರೇ ಏಳದಂತೆ ನೋಡಿಕೊಳ್ಳಿ. ನಿದ್ದೆ ಬರಲೆಂದು ಆಲ್‌ಪ್ರಜೋಲಾಂ ಅಥವಾ ಕ್ಲೋನಜೆಪಾಂನಂಥ ಮಾತ್ರೆಯನ್ನು ಯಾರೇ ಸಲಹೆ ಮಾಡಿದರೂ ಕೊಡಬೇಡಿ. ಓಪಿಯಾಯ್ಡ್ ಜೊತೆ ನಿದ್ದೆಯ ಮಾತ್ರೆ ಅಥವಾ ಮದ್ಯ ಸೇರಿದಾಗ ಉಸಿರಾಟವೇ ನಿಂತು ಸತ್ತವರಿದ್ದಾರೆ. ಶೀತಕ್ಕೆ ಕೊಡುವ, ನಿದ್ದೆ ಬರಿಸುವ ಮಾತ್ರೆ ಮತ್ತು ಕೆಮ್ಮಿನ ಸಿರಪ್‌ಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಅವುಗಳಲ್ಲಿ ಹಲವು ಟ್ರಮಡಾಲ್ ಜೊತೆ ಹೊಂದುವುದಿಲ್ಲ, ಫಿಟ್ಸ್ ಬರುವ ಅಪಾಯವೂ ಇದೆ.

ಇಷ್ಟೆಲ್ಲ ಎಚ್ಚರಿಕೆ ಓದಿ ‘ಹಾಗಾದರೆ ಅಮ್ಮ ಹೇಳಿದ್ದೇ ಸರಿ, ಏನೂ ಬೇಡ’ ಎನ್ನುವ ತೀರ್ಮಾನಕ್ಕೆ ಬರಬೇಡಿ. ಮಂಡಿ ಬದಲಿಸಿಕೊಂಡವರಿಗೆ ಮೊದಲ ಕೆಲವು ವಾರಗಳು ಬಹಳ ಅಮೂಲ್ಯ. ಆಗ ಮಡಿಸಿ ಚಾಚಿ ಅಭ್ಯಾಸ ಮಾಡದ ಮಂಡಿ ಬಿಗಿದುಕೊಳ್ಳುತ್ತದೆ, ಅಷ್ಟು ಖರ್ಚು ಮಾಡಿ ಹಾಕಿಸಿದ ಕೀಲು ಅರ್ಧವೇ ಮಡಿಯುತ್ತದೆ. ನೋವು ತಡೆದುಕೊಳ್ಳುವುದು ನಮ್ಮ ಹಿರಿಯ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸಿದ ಪಾಠ. ಇಲ್ಲಿ ಆ ಸಹನೆಯಿಂದ ಮಂಡಿಗೆ ನಷ್ಟವೇ. ನೋವಿದ್ದರೆ ಆಳವಾಗಿ ಉಸಿರೆಳೆಯುವುದಿಲ್ಲ, ನಡೆಯುವುದಿಲ್ಲ, ಕಾಲಿನ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ, ಸಕ್ಕರೆಯೂ ಏರುತ್ತದೆ. ‘ನೋವು ಪೂರ್ತಿ ಹೋಗುವುದಕ್ಕಲ್ಲ, ಕಾಲು ಮಡಿಸುವಷ್ಟು ತಗ್ಗುವುದಕ್ಕೆ ಮಾತ್ರೆ’ ಎಂದು ಅವರಿಗೆ ತಿಳಿಸಿ ಹೇಳಿ. ನನ್ನ ಅನುಭವದಲ್ಲಿ ಈ ಮಾತನ್ನು ಹಿರಿಯರು ಒಪ್ಪುತ್ತಾರೆ.

ನೋವು ಉಲ್ಬಣಿಸಿದ ಮೇಲೆ ಮಾತ್ರೆ ಹುಡುಕುವುದು ಇನ್ನೊಂದು ತೊಡಕು. ಏರಿದ ನೋವನ್ನು ಇಳಿಸಲು ಹೆಚ್ಚು ಔಷಧ ಬೇಕಾಗುತ್ತದೆ, ಆ ಆತುರದಲ್ಲೇ ಪಕ್ಕದ ಮನೆಯ ಕಾಂಬಿಫ್ಲಾಮ್ ಒಳಗೆ ಬರುತ್ತದೆ. ಅಸಿಕ್ಲೋಫೆನಾಕ್ ನಿಲ್ಲಿಸಲು ವೈದ್ಯರು ಒಪ್ಪಿದರೆ, ಪ್ಯಾರಸಿಟಮಾಲ್ 650 ಅನ್ನೇ ಅಡಿಪಾಯ ಮಾಡಿಕೊಂಡು ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಮಲಗುವಾಗ ಎಂದು ಗಡಿಯಾರ ನೋಡಿ ಕೊಡಬಹುದೇ ಎಂದು ಕೇಳಿ. ನೋವು ಇರಲಿ ಇಲ್ಲದಿರಲಿ, ಸಮಯಕ್ಕೆ ಸರಿಯಾಗಿ, ಮಧ್ಯೆ ಕನಿಷ್ಠ ನಾಲ್ಕು ಗಂಟೆಗಳ ಅಂತರವಿಟ್ಟು. ಒಟ್ಟು 2600 ಮಿ.ಗ್ರಾಂ. ಆಗುತ್ತದೆ, ನಾನು ಹೇಳಿದ ಮಿತಿಯೊಳಗೇ ಇರುತ್ತದೆ. ಅದರಿಂದ ನಿಲ್ಲದ ನೋವಿಗೆ ಮಾತ್ರ ಅಲ್ಟ್ರಾಸೆಟ್ ಇರಲಿ. ಅದರಲ್ಲೂ ಪ್ಯಾರಸಿಟಮಾಲ್ ಇರುವುದರಿಂದ, ಅದನ್ನು ಕೊಡುವ ಹೊತ್ತಿನಲ್ಲಿ ಡೋಲೋ ಬದಲಿಗೆ ಕೊಡಿ, ಡೋಲೋ ಜೊತೆಗಲ್ಲ. ಫಿಸಿಯೋಥೆರಪಿಸ್ಟ್ ಬರುವುದಕ್ಕೆ 45 ನಿಮಿಷದಿಂದ ಒಂದು ಗಂಟೆ ಮೊದಲು ಮಾತ್ರೆ ಒಳಗಿದ್ದರೆ ವ್ಯಾಯಾಮ ಸುಲಭವಾಗುತ್ತದೆ. ಒಂದು ಹಾಳೆಯಲ್ಲಿ ಸಮಯ, ಮಾತ್ರೆಯ ಹೆಸರು, ಒಳಗಿನ ಔಷಧ ಬರೆದು ಕೊಟ್ಟ ತಕ್ಷಣ ಗುರುತು ಹಾಕಿ. ಮನೆಯಲ್ಲಿ ಸರದಿಯ ಮೇಲೆ ನೋಡಿಕೊಳ್ಳುವವರು ಮೂರು ಜನರಿದ್ದರೆ ಒಂದೇ ಮಾತ್ರೆ ಎರಡು ಸಲ ಹೋಗುವುದು ತೀರ ಸಾಮಾನ್ಯ.

ಮಾತ್ರೆಯಲ್ಲದ ಉಪಾಯಗಳನ್ನೂ ಈ ಸೇರಿಕೆಯ ಭಾಗವೆಂದೇ ತಿಳಿಯಿರಿ. ವ್ಯಾಯಾಮದ ನಂತರ 15ರಿಂದ 20 ನಿಮಿಷ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ನೇರವಾಗಿ ಚರ್ಮಕ್ಕೆ ಬೇಡ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಡಿಮೆಯಾಗಿರಬಹುದು, ಆದ್ದರಿಂದ ನಡುನಡುವೆ ತೆಗೆದು ನೋಡಿ. ಮಲಗಿದಾಗ ಹಿಮ್ಮಡಿಯ ಕೆಳಗೆ ದಿಂಬಿಟ್ಟು ಕಾಲನ್ನು ಎತ್ತರಿಸಿ. ಮಂಡಿಯ ಕೆಳಗೇ ದಿಂಬಿಟ್ಟರೆ ಹಿತವೆನಿಸುತ್ತದೆ, ಆದರೆ ಮಂಡಿ ಮಡಿದ ಸ್ಥಿತಿಯಲ್ಲೇ ಬಿಗಿಯುತ್ತದೆ. ಟ್ರಮಡಾಲ್ ಮಲಬದ್ಧತೆ ತರುವುದರಿಂದ ನೀರು, ಹಣ್ಣು, ಬೇಕಿದ್ದರೆ ವೈದ್ಯರನ್ನು ಕೇಳಿ ಲ್ಯಾಕ್ಟುಲೋಸ್ ಇರಲಿ.

ಮಲ ಕಪ್ಪಗೆ ಡಾಂಬರಿನಂತಿದ್ದರೆ, ರಕ್ತ ವಾಂತಿಯಾದರೆ, ಮೂತ್ರ ತೀರ ಕಡಿಮೆಯಾದರೆ, ಮಾತು ಅಸಂಬದ್ಧವಾದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದೆ ಉಸಿರು ನಿಧಾನವಾಗಿದ್ದರೆ ಯಾವುದಕ್ಕೂ ಕಾಯದೆ ಆಸ್ಪತ್ರೆಗೆ ಹೋಗಿ. ಮೀನಖಂಡ ಊದಿ ನೋಯುವುದು, ಎದೆನೋವು, ಏಕಾಏಕಿ ಉಬ್ಬಸ ಇವು ಹೆಪ್ಪುಗಟ್ಟಿದ ರಕ್ತದ ಸೂಚನೆಗಳು. ಹೊಲಿಗೆಯಿಂದ ಕೀವು ಸೋರಿದರೆ, ಚಳಿಜ್ವರ ಬಂದರೆ, ಕಡಿಮೆಯಾಗುತ್ತಿದ್ದ ನೋವು ಇದ್ದಕ್ಕಿದ್ದಂತೆ ಹೆಚ್ಚಾದರೆ ಅದು ಸೋಂಕಿರಬಹುದು. ಅಂಥ ನೋವನ್ನು ಇನ್ನೊಂದು ಮಾತ್ರೆ ಸೇರಿಸಿ ಅಡಗಿಸಬಾರದು. ಸಮಯಕ್ಕೆ ಸರಿಯಾಗಿ ಪ್ಯಾರಸಿಟಮಾಲ್ ನಡೆಯುತ್ತಿರುವಾಗ ಜ್ವರ ಮರೆಯಾಗಿರಬಹುದು, ಹಾಗಾಗಿ ಗಾಯವನ್ನು ದಿನವೂ ಕಣ್ಣಾರೆ ನೋಡಿ.

ಅಭ್ಯಾಸವಾಗುತ್ತದೆಯೇ ಎಂದು ಕೇಳಿದ್ದೀರಿ. ಪ್ಯಾರಸಿಟಮಾಲ್‌ಗೂ ಅಸಿಕ್ಲೋಫೆನಾಕ್‌ಗೂ ಚಟ ಹತ್ತಿಸುವ ಗುಣವಿಲ್ಲ. ಟ್ರಮಡಾಲ್‌ಗೆ ಇದೆ. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಿಂದೆ ಓಪಿಯಾಯ್ಡ್ ಬಳಸದೆ ಇದ್ದು ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಶೇ 6ರಷ್ಟು ಮಂದಿ ಮೂರು ತಿಂಗಳ ನಂತರವೂ ಅದನ್ನು ಪಡೆಯುತ್ತಿದ್ದರು. ಅಲ್ಲಿನ ಔಷಧಗಳೂ ಬರೆದುಕೊಡುವ ರೀತಿಯೂ ಬೇರೆ. ಆದರೂ ಪಾಠ ನಮಗೂ ಅನ್ವಯಿಸುತ್ತದೆ: ಓಪಿಯಾಯ್ಡ್ ಬೇಕಾದಷ್ಟು ದಿನ ಮಾತ್ರ, ಹಳೆಯ ಚೀಟಿ ತೋರಿಸಿ ಮತ್ತೆ ಕೊಳ್ಳುವುದು ಬೇಡ. ಸೇರಿಸಿದ ಮಾತ್ರೆಗಳನ್ನು ಬಿಡುವುದಕ್ಕೂ ಒಂದು ಕ್ರಮವಿದೆ. ಮೊದಲು ಬಿಡಬೇಕಾದದ್ದು ಟ್ರಮಡಾಲ್, ಮೊದಲಿಗೆ ಹಗಲಿನದು, ಆಮೇಲೆ ರಾತ್ರಿಯದು. ಕೊನೆಗೆ ಬಿಡಬೇಕಾದದ್ದು ಪ್ಯಾರಸಿಟಮಾಲ್. ಹಲವರು ತಲೆಕೆಳಗು ಮಾಡುತ್ತಾರೆ, ಪ್ಯಾರಸಿಟಮಾಲ್ ಅನ್ನು ‘ಸಾಧಾರಣ ಮಾತ್ರೆ’ ಎಂದು ಮೊದಲು ಬಿಟ್ಟು ಟ್ರಮಡಾಲ್ ಅನ್ನು ಕೊನೆಯವರೆಗೆ ಇಟ್ಟುಕೊಳ್ಳುತ್ತಾರೆ. ಪ್ರಿಗ್ಯಾಬಲಿನ್ ಅನ್ನು ಹೇಗೆ ಇಳಿಸಬೇಕೆಂದು ವೈದ್ಯರೇ ಹೇಳಲಿ. ಕೆಲವು ವಾರ ನಡೆದಿದ್ದರೆ ಒಮ್ಮೆಲೇ ನಿಲ್ಲಿಸುವುದು ಒಳ್ಳೆಯದಲ್ಲ.

ನಿಮ್ಮ ತಂಗಿಗೆ ಈ ಮಾತ್ರೆಗಳನ್ನು ಎತ್ತಿಡಬೇಡಿ. ಅವರು ಈಗ ತುಂಬು ಗರ್ಭಿಣಿ. ಅಸಿಕ್ಲೋಫೆನಾಕ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಯಾವುದನ್ನೂ ಈ ಹಂತದಲ್ಲಿ ಮುಟ್ಟಬಾರದು. ಗರ್ಭದೊಳಗಿನ ಮಗುವಿನ ಹೃದಯದ ಬಳಿ ತೆರೆದಿರಬೇಕಾದ ರಕ್ತನಾಳವೊಂದು ಅವುಗಳಿಂದ ಮುಂಚಿತವಾಗಿ ಮುಚ್ಚಿಕೊಳ್ಳಬಹುದು. ಹೆರಿಗೆಯ ನಂತರ ಲೆಕ್ಕ ಬದಲಾಗುತ್ತದೆ. ಸಿಸೇರಿಯನ್ ಆದ ಆರೋಗ್ಯವಂತ ತಾಯಿಗೆ ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ಒಳ್ಳೆಯ ಜೋಡಿ. ಎದೆಹಾಲಿಗೆ ಬಹಳ ಕಡಿಮೆ ಸೇರುತ್ತವೆ, ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಅವರಿಗೆ ರಕ್ತದೊತ್ತಡ ಏರಿದ್ದರೆ ಅಥವಾ ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗಿದ್ದರೆ ಎರಡನೆಯದನ್ನು ಕೊಡಬೇಕೇ ಬೇಡವೇ ಎಂಬುದನ್ನು ಪ್ರಸೂತಿ ತಜ್ಞರು ನಿರ್ಧರಿಸುತ್ತಾರೆ. ಟ್ರಮಡಾಲ್ ಮತ್ತು ಕೊಡೀನ್ ಮಾತ್ರ ಹಾಲೂಡಿಸುವ ತಾಯಂದಿರಿಗೆ ಬೇಡವೆಂದು ಅಮೆರಿಕದ ನಿಯಂತ್ರಣ ಸಂಸ್ಥೆ 2017ರಲ್ಲೇ ಹೇಳಿದೆ. ಕೆಲವರ ದೇಹ ಹುಟ್ಟಿನಿಂದಲೇ ಈ ಔಷಧಗಳನ್ನು ಬಲು ಬೇಗ ಪ್ರಬಲ ರೂಪಕ್ಕೆ ಬದಲಿಸುತ್ತದೆ, ಆಗ ಹಾಲಿನ ಮೂಲಕ ಮಗುವಿಗೆ ಹೋಗುವ ಪ್ರಮಾಣ ಅಪಾಯಕಾರಿಯಾಗಬಹುದು. ಯಾವ ತಾಯಿಯ ದೇಹ ಹಾಗಿದೆ ಎಂಬುದು ಹೊರನೋಟಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಉಳಿದ ಅಲ್ಟ್ರಾಸೆಟ್ ಬಾಣಂತಿಯ ಕೋಣೆಗೆ ಹೋಗದಂತೆ, ಮಕ್ಕಳ ಕೈಗೂ ಸಿಗದಂತೆ ಬೀಗದಲ್ಲಿಡಿ. ಅಮ್ಮನಿಗೆ ಇನ್ನು ಬೇಡವೆಂದು ವೈದ್ಯರು ಹೇಳಿದ ದಿನವೇ ಅದನ್ನು ಕೊಂಡ ಔಷಧ ಅಂಗಡಿಗೆ ಒಯ್ದು ವಿಲೇವಾರಿ ಮಾಡುವಂತೆ ಕೇಳಿ.